ಜೆಟ್ ಗಾಳಿಯನ್ನು ಸುಳಿಗಳು ಕೆಡಿಸುತ್ತವೆಯೋ, ಕಟ್ಟುತ್ತವೆಯೋ?

ಹೆತ್ತೂರು ತೋಟ · ಮಾರ್ಚ್ 9, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಸಕಲೇಶಪುರದಿಂದ ಹೆತ್ತೂರು ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಅರ್ಧ ರೊಬಸ್ಟಾ, ಅರ್ಧ ಅರೇಬಿಕಾ. ಕಾಫಿ ಹೂ ಅರಳಿಸುವ ಹೂ ಮಳೆ ಕಾಯುವ ದಿನಗಳಿವು, ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಎದ್ದರೆ ಮೊದಲು ಆಕಾಶ, ಆಮೇಲೆ ಮೊಬೈಲು.

ಗಾಳಿ ತೋರಿಸುವ ಆಪ್ ಒಂದನ್ನು ಹಾಕಿಕೊಂಡಿದ್ದೇನೆ. ಅದರಲ್ಲಿ ಎತ್ತರವನ್ನು 12 ಕಿ.ಮೀ.ಗೆ ಏರಿಸಿದರೆ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಒಂದು ಕೆಂಪು ಪಟ್ಟಿ ಓಡುತ್ತದೆ. ಅದೇ ಜೆಟ್ ಸ್ಟ್ರೀಮ್ ಅಂತೆ, ಮೇಲೆ ಜೋರಾಗಿ ಓಡುವ ಗಾಳಿಯ ಹೊಳೆ. ಅದರಿಂದಾಚೆ ಯುರೋಪು, ರಷ್ಯಾ ಕಡೆ ಇನ್ನೊಂದು ಪಟ್ಟಿ ಹಾವಿನ ಹಾಗೆ ಡೊಂಕು ಡೊಂಕಾಗಿ ಹೋಗುತ್ತದೆ. ಅದರ ಎರಡೂ ಪಕ್ಕದಲ್ಲಿ ದೊಡ್ಡ ದೊಡ್ಡ ಸುಳಿ. ಮೊನ್ನೆ ಪಿಯುಸಿ ಓದುವ ಮಗಳು ಕೇಳಿದಳು: "ಅಪ್ಪ, ಈ ಸುಳಿಗಳು ಆ ಪಟ್ಟಿಯನ್ನು ಕೆಡಿಸುತ್ತಿವೆಯಾ, ಕಟ್ಟುತ್ತಿವೆಯಾ?"

ನಾನು ಹೇಮಾವತಿ ನೋಡಿ ಬೆಳೆದವನು. ಬಂಡೆ ಹಿಂದೆ ಸುಳಿ ಬಿದ್ದರೆ ನೀರಿನ ಓಟ ಕುಗ್ಗುತ್ತದೆ. ಕೆಡಿಸುತ್ತವೆ ಅಂದೆ. ಅವಳು ಒಪ್ಪಲಿಲ್ಲ. ತಿಳಿದವರು ಹೇಳಿ.

ಇನ್ನೊಂದು. "ಜೆಟ್ ಸ್ಟ್ರೀಮ್ ದಾರಿ ತಪ್ಪಿದೆ, ಈ ವರ್ಷ ಮಲೆನಾಡಿಗೆ ಹೂ ಮಳೆ ಇಲ್ಲ" ಎನ್ನುವ ಮೆಸೇಜು ಎಲ್ಲ ಗ್ರೂಪಲ್ಲೂ ಓಡಾಡುತ್ತಿದೆ. ಇದರಲ್ಲಿ ಹುರುಳಿದೆಯಾ?

ಯಗಚಿ ದಡ · ಮಾರ್ಚ್ 9, ರಾತ್ರಿ 9:32

ಸುಳಿ ಅಂದರೆ ಕಲಕುವುದು. ಕಲಕಿದರೆ ವೇಗ ಇರುವ ಕಡೆಯಿಂದ ಇಲ್ಲದ ಕಡೆಗೆ ಹಂಚಿಹೋಗುತ್ತದೆ. ಬಿಸಿ ಕಾಫಿಗೆ ತಣ್ಣನೆ ಹಾಲು ಬಿದ್ದ ಹಾಗೆ. ಪಟ್ಟಿ ತೆಳುವಾಗಲೇಬೇಕು. ನೀವು ಹೇಳಿದ್ದೇ ಸರಿ ಅಣ್ಣ.

ನಿವೃತ್ತ ಮೇಷ್ಟ್ರು, ಹಾಸನ · ಮಾರ್ಚ್ 10, ಬೆಳಿಗ್ಗೆ 6:45

ಮಗಳು ಗೆದ್ದಳು. ಇಬ್ಬರು ಗಂಡಸರೂ ಸೋತಿದ್ದೀರಿ.

ಬೇಸರ ಬೇಡ, ವಿಜ್ಞಾನಿಗಳಿಗೂ ಇದು ಸುಲಭಕ್ಕೆ ಒಪ್ಪಿಗೆಯಾಗಿರಲಿಲ್ಲ. ಸ್ವಲ್ಪ ಲೆಕ್ಕ ಹಾಕೋಣ. ಮೂವತ್ತು ವರ್ಷ ಫಿಸಿಕ್ಸ್ ಹೇಳಿದವನು, ಲೆಕ್ಕವಿಲ್ಲದೆ ಬಾಯಿ ಬರುವುದಿಲ್ಲ.

ಸಮಭಾಜಕದಲ್ಲಿ ನಿಂತ ಗಾಳಿ ಸುಮ್ಮನೆ ನಿಂತಿರುವುದಿಲ್ಲ. ಭೂಮಿಯ ಜೊತೆ ಸೆಕೆಂಡಿಗೆ 465 ಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿರುತ್ತದೆ. ಅಲ್ಲಿ ಬಿಸಿಯಾಗಿ ಮೇಲೆದ್ದು ಉತ್ತರಕ್ಕೆ ಹೊರಡುತ್ತದೆ. 30 ಡಿಗ್ರಿ ಅಕ್ಷಾಂಶಕ್ಕೆ ಬಂದಾಗ ಭೂಮಿಯ ಅಚ್ಚಿಗೆ ಹತ್ತಿರವಾಗಿರುತ್ತದೆ. ತಿರುಗುವ ಕುರ್ಚಿಯಲ್ಲಿ ಕೂತವನು ಚಾಚಿದ ಕೈ ಒಳಗೆ ಎಳೆದುಕೊಂಡರೆ ಜೋರಾಗಿ ತಿರುಗುತ್ತಾನಲ್ಲ, ಅದೇ ಇಲ್ಲೂ. ತಿರುಗುವ ಸಂವೇಗ ಒಂದು ಚೂರೂ ಕಳೆಯದಿದ್ದರೆ, 30 ಡಿಗ್ರಿಯಲ್ಲಿ ಆ ಗಾಳಿ ನೆಲಕ್ಕಿಂತ ಸೆಕೆಂಡಿಗೆ 134 ಮೀಟರ್ ಜಾಸ್ತಿ ಓಡಬೇಕು. ಅಂದರೆ ಗಂಟೆಗೆ 480 ಕಿ.ಮೀ.

ಆದರೆ ಚಳಿಗಾಲದಲ್ಲಿ ಭೂಮಿ ಸುತ್ತ ಸರಾಸರಿ ತೆಗೆದರೆ ಆ ಜೆಟ್ಟಿನ ವೇಗ ಸೆಕೆಂಡಿಗೆ 40 ಮೀಟರ್ ಆಸುಪಾಸು. ಬಾಕಿದು ಎಲ್ಲಿ ಹೋಯಿತು?

ಈಗ ಆ ಕಡೆಯಿಂದ ನೋಡಿ. 40ರಿಂದ 60 ಡಿಗ್ರಿ ನಡುವೆ ನೆಲಮಟ್ಟದಲ್ಲೂ ಪಶ್ಚಿಮದ ಗಾಳಿಯೇ ಬೀಸುತ್ತದೆ. ಅದು ದಿನಾ ನೆಲ, ಸಮುದ್ರ ಉಜ್ಜಿಕೊಂಡು ಸಂವೇಗ ಕಳೆದುಕೊಳ್ಳುತ್ತದೆ. ತುಂಬಿಕೊಡುವವರು ಇಲ್ಲದಿದ್ದರೆ ಕೆಲವೇ ವಾರಗಳಲ್ಲಿ ನಿಂತುಹೋಗಬೇಕು. ಸಾವಿರಾರು ವರ್ಷದಿಂದ ನಿಂತಿಲ್ಲ.

ದಕ್ಷಿಣದಲ್ಲಿ ಕಾಣೆಯಾದದ್ದೂ ಉತ್ತರದಲ್ಲಿ ತುಂಬುತ್ತಿರುವುದೂ ಒಂದೇ. ಸಾಗಿಸುವ ಹಮಾಲರು ಈ ಸುಳಿಗಳು. ಬ್ರಿಟನ್ನಿನ ಹೆರಾಲ್ಡ್ ಜೆಫ್ರೀಸ್ 1926ರಲ್ಲೇ ಸುಳಿಗಳಿಲ್ಲದೆ ಈ ಲೆಕ್ಕ ಕೂಡುವುದಿಲ್ಲ ಎಂದು ಬರೆದರು. ಆಗ ಮೇಲಿನ ಗಾಳಿಯ ಅಳತೆ ಸಾಕಷ್ಟು ಇರಲಿಲ್ಲ. ಎರಡನೇ ಮಹಾಯುದ್ಧದ ನಂತರ ಬಲೂನುಗಳ ಅಳತೆ ರಾಶಿ ಬಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ವಿಕ್ಟರ್ ಸ್ಟಾರ್ ಮತ್ತು ಅವರ ಜೊತೆಯವರು ಕೂಡಿ ಕಳೆದು ನೋಡಿದರೆ, ಸುಳಿಗಳು ವೇಗ ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಸಂವೇಗ ಹೊರುತ್ತಿದ್ದವು! ಸ್ಟಾರ್ ಇದಕ್ಕೆ "ಋಣ ಸ್ನಿಗ್ಧತೆ" ಎಂದರು. ಜೇನುತುಪ್ಪದ ಅಂಟು ಓಟವನ್ನು ಎಳೆದು ನಿಲ್ಲಿಸುತ್ತದೆ. ಇದು ಅಂಟಿನ ಉಲ್ಟಾ, ಓಡುವವನನ್ನೇ ಇನ್ನೂ ಓಡಿಸುತ್ತದೆ.

ಯಗಚಿ ದಡ · ಮಾರ್ಚ್ 10, ಬೆಳಿಗ್ಗೆ 8:05

ಮೇಷ್ಟ್ರೇ, ಇದು ನ್ಯಾಯವಾ? ಇರುವವನಿಗೇ ಇನ್ನಷ್ಟು ಕೊಡುವುದು ಬ್ಯಾಂಕಿನವರು ಮಾಡುವ ಕೆಲಸ. ಪ್ರಕೃತಿಯೂ ಹಾಗೇನಾ? ಶಕ್ತಿ ಎಲ್ಲಿಂದ ಬಂತು? ಸುಳಿಗೆ ಜೆಟ್ಟಿನಿಂದ ಶಕ್ತಿ ಬಂದು, ಅದೇ ಸುಳಿ ಜೆಟ್ಟಿಗೆ ಶಕ್ತಿ ಕೊಟ್ಟರೆ, ಅದು ನೀರಿಲ್ಲದೆ ತಿರುಗುವ ಗಿರಣಿಯಾಯಿತು.

ಅರೇಬಿಕಾ ಅಕ್ಕ · ಮಾರ್ಚ್ 10, ಮಧ್ಯಾಹ್ನ 1:20

ಪ್ರಶ್ನೆ ಅಂದರೆ ಇದು. ನಾನು ಹವಾಮಾನದಲ್ಲಿ ಎಂಎಸ್ಸಿ ಮಾಡಿ, ಈಗ ಮೂಡಿಗೆರೆಯಲ್ಲಿ ಅಪ್ಪನ ತೋಟ ನೋಡಿಕೊಳ್ಳುತ್ತಿದ್ದೇನೆ. ಓದಿದ್ದು ಹೀಗಾದರೂ ಉಪಯೋಗಕ್ಕೆ ಬರಲಿ.

ಎರಡು ಖಾತೆ ಇವೆ ಅಂದುಕೊಳ್ಳಿ. ಒಂದು ಗಾಳಿಯ ಓಟದ ಖಾತೆ. ಇನ್ನೊಂದು ಬಿಸಿ–ತಣ್ಣನೆಯ ಖಾತೆ, ಅಂದರೆ ಸಮಭಾಜಕಕ್ಕೂ ಧ್ರುವಕ್ಕೂ ಇರುವ ಉಷ್ಣತೆಯ ವ್ಯತ್ಯಾಸ. ಹೇಮಾವತಿಯ ಸುಳಿ ಹುಟ್ಟುವುದು ಓಟದ ಖಾತೆಯಿಂದ. ಅಲ್ಲಿ ಓಟ ಕುಗ್ಗುವುದು ಸಹಜ. ಆಕಾಶದ ದೊಡ್ಡ ಸುಳಿ ತಿನ್ನುವುದು ಬಿಸಿಯ ಖಾತೆಯಿಂದ. ಬಿಸಿ ಗಾಳಿ ಉತ್ತರಕ್ಕೆ ಜಾರಿ ಮೇಲೇರುತ್ತದೆ, ತಣ್ಣನೆ ಗಾಳಿ ದಕ್ಷಿಣಕ್ಕೆ ಜಾರಿ ಕೆಳಗಿಳಿಯುತ್ತದೆ, ಆ ಜಾರುವಿಕೆಯಲ್ಲಿ ಸುಳಿ ಬೆಳೆಯುತ್ತದೆ. ಇದರ ಗಣಿತ ಕೊಟ್ಟವರು 1947ರಲ್ಲಿ ಜೂಲ್ ಚಾರ್ನಿ, 1949ರಲ್ಲಿ ಎರಿಕ್ ಈಡಿ. ಕೆಲವೇ ದಿನದಲ್ಲಿ ಸಾವಿರಾರು ಕಿ.ಮೀ. ಅಗಲದ ಸುಳಿ ಸಿದ್ಧ.

ಬಿಸಿಯ ಖಾತೆಯಿಂದ ತೆಗೆದದ್ದರಲ್ಲಿ ಒಂದು ಪಾಲನ್ನು ಆ ಸುಳಿ ಸಾಯುವ ಮೊದಲು ಓಟದ ಖಾತೆಗೆ ಕಟ್ಟಿ ಹೋಗುತ್ತದೆ. ಈ ಲೆಕ್ಕದ ಪುಸ್ತಕವನ್ನು ಎಡ್ವರ್ಡ್ ಲೊರೆಂಜ್ 1955ರಲ್ಲಿ ಬಿಡಿಸಿಟ್ಟರು. ಗಿರಣಿಗೆ ನೀರು ಇದೆ. ಅದು ಸೂರ್ಯನದು.

ಯಗಚಿ ದಡ · ಮಾರ್ಚ್ 10, ಮಧ್ಯಾಹ್ನ 1:48

ಖಾತೆ ಒಪ್ಪಿದೆ ಅಕ್ಕ. ಆದರೂ ಒಂದು ಸಂಶಯ. ಸುಳಿ ದುಂಡಗಿದ್ದರೆ ಒಂದು ಪಕ್ಕದಲ್ಲಿ ಉತ್ತರಕ್ಕೆ ಎಷ್ಟು ಹೋಯಿತೋ ಇನ್ನೊಂದು ಪಕ್ಕದಲ್ಲಿ ಅಷ್ಟೇ ವಾಪಸು ಬರುತ್ತದೆ. ಬಸ್ಸು ಹಾಸನಕ್ಕೆ ಹೋಗಿ ಬೇಲೂರಿಗೆ ಬಂದ ಹಾಗೆ. ಉಳಿದದ್ದೇನು?

ಅರೇಬಿಕಾ ಅಕ್ಕ · ಮಾರ್ಚ್ 10, ರಾತ್ರಿ 8:15

ಬಸ್ಸು ಹೋಗುವಾಗ ತುಂಬಿ, ಬರುವಾಗ ಖಾಲಿ ಇದ್ದರೆ?

ದುಂಡಗಿನ ಸುಳಿ ನಿಜಕ್ಕೂ ಏನನ್ನೂ ಸಾಗಿಸುವುದಿಲ್ಲ. ಆದರೆ ಆಕಾಶದ ಸುಳಿಗಳು ದುಂಡಗಿರುವುದು ಕಡಿಮೆ. ಎಳೆದ ಹಾಗೆ, ವಾಲಿದ ಹಾಗೆ ಇರುತ್ತವೆ. ನಮ್ಮ ಗೋಳಾರ್ಧದಲ್ಲಿ ಜೆಟ್ಟಿನ ದಕ್ಷಿಣಕ್ಕಿರುವ ಭಾಗ ನೈರುತ್ಯದಿಂದ ಈಶಾನ್ಯಕ್ಕೆ ವಾಲಿರುತ್ತದೆ. ಕಾಗದದಲ್ಲಿ ಹಾಗೊಂದು ಓರೆ ಮೊಟ್ಟೆ ಬರೆದು ಅದರ ಸುತ್ತ ಬೆರಳು ಓಡಿಸಿ. ಉತ್ತರಕ್ಕೆ ಹೋಗುವ ಗಾಳಿ ಜೊತೆಗೆ ಪೂರ್ವಕ್ಕೂ ಓಡುತ್ತದೆ. ದಕ್ಷಿಣಕ್ಕೆ ವಾಪಸಾಗುವ ಗಾಳಿ ಪಶ್ಚಿಮಕ್ಕೆ ಸರಿಯುತ್ತದೆ. ಅಂದರೆ ಉತ್ತರಕ್ಕೆ ಹೋಗುವ ಬಸ್ಸಿನಲ್ಲಿ ಪೂರ್ವದ ವೇಗ ತುಂಬಿದೆ, ವಾಪಸು ಬರುವ ಬಸ್ಸಿನಲ್ಲಿ ಅದಿಲ್ಲ. ಜೆಟ್ಟಿನ ಉತ್ತರದ ಭಾಗ ಉಲ್ಟಾ ವಾಲಿರುತ್ತದೆ, ಅಲ್ಲಿಂದ ಸರಕು ದಕ್ಷಿಣಕ್ಕೆ ಬರುತ್ತದೆ. ಎರಡು ಕಡೆಯಿಂದಲೂ ಜೆಟ್ಟಿಗೇ. ಇಡೀ ಸುಳಿ ಬಾಳೆಹಣ್ಣಿನ ಹಾಗೆ ಬಾಗಿ ಕಾಣುತ್ತದೆ.

ಕೊಪ್ಪದ ಮಳೆಮಾಪಕ · ಮಾರ್ಚ್ 10, ರಾತ್ರಿ 8:40

ಅಜ್ಜಿ ಮೊಸರು ಕಡೆಯುವುದು ನೆನಪಾಯಿತು. ಕಡೆಗೋಲು ಆ ಕಡೆ ಈ ಕಡೆ ತಿರುಗುತ್ತದೆ, ನೋಡುವವರಿಗೆ ಸುಮ್ನೆ ಕಲಕಿದ ಹಾಗೆ. ಆದರೆ ಬೆಣ್ಣೆ ಒಂದು ಕಡೆ ಕೂಡುತ್ತದೆ. ಜೆಟ್ ಅಂದರೆ ಆಕಾಶದ ಬೆಣ್ಣೆ!

ಅರೇಬಿಕಾ ಅಕ್ಕ · ಮಾರ್ಚ್ 10, ರಾತ್ರಿ 9:02

ಮಾತು ಚೆಂದ, ಅರ್ಧ ಸರಿ. ಬೆಣ್ಣೆ ಮೊಸರಿನೊಳಗೆ ಮೊದಲೇ ಇರುತ್ತದೆ, ಹಗುರ ಅಂತ ಮೇಲೆ ಬರುತ್ತದೆ. ಇಲ್ಲಿ ಕೂಡಿಸುವುದು ಭೂಮಿಯ ತಿರುಗುವಿಕೆ, ಅದರಲ್ಲೂ ಉತ್ತರಕ್ಕೆ ಹೋದಷ್ಟೂ ಆ ತಿರುಗುವಿಕೆಯ ಹಿಡಿತ ಜಾಸ್ತಿಯಾಗುವುದು. ಇದರಿಂದ ಹುಟ್ಟುವ ಅಲೆಗೆ ರಾಸ್ಬಿ ಅಲೆ ಅನ್ನುತ್ತಾರೆ. ಕಾರ್ಲ್ ಗುಸ್ತಾಫ್ ರಾಸ್ಬಿ 1939ರಲ್ಲಿ ಬಿಡಿಸಿಕೊಟ್ಟದ್ದು.

ಒಂದು ಅಕ್ಷಾಂಶದಲ್ಲಿ ಸುಳಿಗಳು ಕಡೆಯುತ್ತಿವೆ ಅನ್ನಿ. ಅಲ್ಲಿಂದ ರಾಸ್ಬಿ ಅಲೆಗಳು ಉತ್ತರಕ್ಕೂ ದಕ್ಷಿಣಕ್ಕೂ ಹೊರಡುತ್ತವೆ. ಈ ಅಲೆಗಳ ಒಂದು ಚಾಳಿ ಏನೆಂದರೆ, ಹೊರಡುವಾಗ ಪಶ್ಚಿಮದ ಕಡೆಗಿನ ತಳ್ಳು ಹೊತ್ತುಕೊಂಡು ಹೋಗುತ್ತವೆ. ದೂರದಲ್ಲಿ ಎಲ್ಲೋ ಸಮುದ್ರದ ಅಲೆ ದಡದಲ್ಲಿ ಒಡೆದ ಹಾಗೆ ಮಗುಚಿ ಒಡೆಯುತ್ತವೆ. ಒಡೆದ ಜಾಗದಲ್ಲಿ ಆ ತಳ್ಳನ್ನು ಇಳಿಸುತ್ತವೆ, ಅಲ್ಲಿ ಪೂರ್ವಕ್ಕೆ ಹೋಗುವ ಗಾಳಿ ನಿಧಾನವಾಗುತ್ತದೆ. ಪಶ್ಚಿಮದ ತಳ್ಳು ಬಿಟ್ಟುಹೋದ ಮೂಲ ಜಾಗದಲ್ಲಿ ಪೂರ್ವದ ಓಟ ಉಳಿದುಕೊಳ್ಳುತ್ತದೆ. ಅದೇ ಜೆಟ್. ಸುಳಿ ವಾಲುವುದೂ ಈ ಅಲೆ ಹೊರಗೆ ಹರಡುವುದೂ ಬೇರೆ ಬೇರೆ ಅಲ್ಲ.

ಹೆತ್ತೂರಿನವರೇ, ನೀವು ನೋಡಿದ ಎರಡು ಪಟ್ಟಿಗಳ ಗುಟ್ಟೂ ಇಲ್ಲೇ ಇದೆ. ಉತ್ತರ ಭಾರತದ ಮೇಲಿನದು ಹೆಚ್ಚಾಗಿ ಮೇಷ್ಟ್ರು ಹೇಳಿದ ಕುರ್ಚಿ ಲೆಕ್ಕದ ಜೆಟ್. ಮೇಲುಗಡೆ ಜೋರು, ಕೆಳಗೆ ಬಂದರೆ ಹೆಚ್ಚೇನಿಲ್ಲ. ಯುರೋಪಿನ ಕಡೆಯ ಡೊಂಕು ಪಟ್ಟಿ ಸುಳಿಗಳೇ ಸಾಕಿದ ಜೆಟ್. ಅದರ ಓಟ ನೆಲದವರೆಗೂ ಇಳಿದಿರುತ್ತದೆ. ಕೆಲವು ಕಡೆ ಎರಡೂ ಸೇರಿಯೂ ಹೋಗುತ್ತವೆ, ಗೆರೆ ಎಳೆದು ಬೇರೆ ಮಾಡಲು ಆಗುವುದಿಲ್ಲ.

ನಿವೃತ್ತ ಮೇಷ್ಟ್ರು, ಹಾಸನ · ಮಾರ್ಚ್ 11, ಬೆಳಿಗ್ಗೆ 6:30

ಅಕ್ಕನಿಗೆ ನೂರಕ್ಕೆ ನೂರು.

ಒಂದು ಅಡ್ಡಮಾತು. ಜೆಫ್ರೀಸ್ ಬರೆದ ಅದೇ 1926ರಲ್ಲಿ ಜಪಾನಿನ ವಾಸಬುರೊ ಓಇಶಿ ತಮ್ಮ ಬಲೂನು ಅಳತೆಗಳ ವರದಿ ಪ್ರಕಟಿಸಿದರು. ತಾತೆನೊ ಎಂಬಲ್ಲಿಂದ ಬಲೂನು ಬಿಟ್ಟು, ಚಳಿಗಾಲದಲ್ಲಿ ಮೇಲೆ ಭಾರೀ ಪಶ್ಚಿಮದ ಗಾಳಿ ಇದೆ ಎಂದು ತೋರಿಸಿದ್ದರು. ಜಗತ್ತಿಗೆಲ್ಲ ತಿಳಿಯಲಿ ಎಂದು ಎಲ್ಲ ದೇಶದವರಿಗೂ ಅಂತ ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಅದರಿಂದಲೇ ಹೆಚ್ಚು ಜನ ಓದಲಿಲ್ಲ. 1944ರಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಿ-29 ಬಾಂಬರ್ ವಿಮಾನಗಳು ಆ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು.

ಸಲಗಾಮೆ ರಸ್ತೆ · ಮಾರ್ಚ್ 11, ಬೆಳಿಗ್ಗೆ 10:10

ನಮ್ಮ ರಸ್ತೆಯಲ್ಲೇ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹ ನಿಯಂತ್ರಣ ಕೇಂದ್ರ ಇದೆ. ಹಾಸನದವರು ಆ ದೊಡ್ಡ ತಟ್ಟೆಗಳನ್ನು ನೋಡಿ ನೋಡಿ ಮರೆತಿದ್ದೇವೆ. ಹವಾಮಾನ ಉಪಗ್ರಹಗಳಾದ ಇನ್ಸ್ಯಾಟ್-3ಡಿಆರ್, 2024ರಲ್ಲಿ ಹಾರಿದ ಇನ್ಸ್ಯಾಟ್-3ಡಿಎಸ್ ಎಲ್ಲವನ್ನೂ ನಡೆಸುವುದು ಅಲ್ಲಿಂದ. ಅವು ಕಳಿಸುವ ನೀರಾವಿ ಚಿತ್ರ ನೋಡಿ, ಮೋಡದ ಚಿತ್ರಕ್ಕಿಂತ ಅದು ಚೆನ್ನ. ಮೋಡ ಇಲ್ಲದ ಕಡೆಯೂ ಗಾಳಿಯ ಹರಿವು ಕಾಣುತ್ತದೆ. ಜೆಟ್ಟಿನ ಅಂಚಿನಲ್ಲಿ ಒಣಗಾಳಿಯ ಕಪ್ಪು ಗೆರೆ, ಅದು ಸುತ್ತಿಕೊಂಡು ಸುಳಿಯಾಗುವುದು ಎಲ್ಲ ಕಾಣುತ್ತದೆ.

ನನ್ನ ಪ್ರಶ್ನೆ: ಒಂದೊಂದು ಸುಳಿಯ ಆಯಸ್ಸು ನಾಲ್ಕೈದು ದಿನ. ಆದರೆ ಜೆಟ್ ಒಮ್ಮೆ ಉತ್ತರಕ್ಕೋ ದಕ್ಷಿಣಕ್ಕೋ ಸರಿದರೆ ಎರಡು ವಾರ ಅಲ್ಲೇ ಕೂರುತ್ತದೆ ಅನ್ನುತ್ತಾರೆ. ಚಿಕ್ಕ ಆಯಸ್ಸಿನವು ದೊಡ್ಡ ಆಯಸ್ಸಿನದನ್ನು ಹೇಗೆ ಹಿಡಿದಿಡುತ್ತವೆ?

ಅರೇಬಿಕಾ ಅಕ್ಕ · ಮಾರ್ಚ್ 11, ಮಧ್ಯಾಹ್ನ 2:30

ಇಡೀ ವಿಷಯದಲ್ಲಿ ನನಗೆ ಇಷ್ಟವಾದ ಭಾಗ ಇದೇ.

ಜೆಟ್ ಹೀಗೆ ಉತ್ತರ–ದಕ್ಷಿಣ ತೂಗುವುದು ಮಧ್ಯ ಅಕ್ಷಾಂಶದ ಹವೆಯ ಏರಿಳಿತದಲ್ಲಿ ಎಲ್ಲಕ್ಕಿಂತ ದೊಡ್ಡದು. ಧ್ರುವದ ಸುತ್ತ ಉಂಗುರದ ಹಾಗೆ ಕಾಣುವುದರಿಂದ ಆನ್ಯುಲರ್ ಮೋಡ್ ಎಂಬ ಹೆಸರು. 1998ರಲ್ಲಿ, ಆಮೇಲೆ 2000ದಲ್ಲಿ ಡೇವಿಡ್ ಥಾಂಪ್ಸನ್ ಮತ್ತು ಜಾನ್ ವಾಲೇಸ್ ಬರೆದ ಲೇಖನಗಳಿಂದ ಇದು ಮನೆಮಾತಾಯಿತು.

ಹೇಗೆ ಕೂರುತ್ತದೆ? ಯಾವುದೋ ನಾಲ್ಕು ಸುಳಿ ಆಕಸ್ಮಿಕವಾಗಿ ಒಂದೇ ಕಡೆ ವಾಲಿ ಜೆಟ್ಟನ್ನು ಉತ್ತರಕ್ಕೆ ತಳ್ಳಿದವು ಅನ್ನಿ. ಜೆಟ್ ಈಗ ಹೊಸ ಜಾಗದಲ್ಲಿದೆ. ಅಲ್ಲಿ ನೆಲದ ಉಜ್ಜಾಟ ಕೆಳಗಿನ ಗಾಳಿಯನ್ನು ಎಳೆದು ಹಿಡಿಯುತ್ತದೆ, ಮೇಲಿನ ಗಾಳಿ ಓಡುತ್ತಲೇ ಇರುತ್ತದೆ. ಮೇಲೆ ಕೆಳಗೆ ವೇಗದ ವ್ಯತ್ಯಾಸ ಇದೆ ಅಂದರೆ ಅದೇ ಜಾಗದಲ್ಲಿ ಬಿಸಿ–ತಣ್ಣನೆಯ ಗಡಿಯೂ ಚುರುಕಾಗಿದೆ ಎಂದೇ ಅರ್ಥ. ತಿರುಗುವ ಭೂಮಿಯ ಮೇಲೆ ಇವೆರಡೂ ಜೋಡಿ. ಮುಂದಿನ ಸುಳಿಗಳು ಎಲ್ಲಿ ಹುಟ್ಟುತ್ತವೆ? ಆ ಗಡಿ ಇರುವಲ್ಲೇ, ಹೊಸ ಜಾಗದಲ್ಲಿ. ಹುಟ್ಟಿದವು ಅಲೆ ಕಳಿಸುತ್ತವೆ, ಪೂರ್ವದ ಓಟವನ್ನು ಅಲ್ಲೇ ಕೂಡಿಸುತ್ತವೆ. ಸುಳಿ ಸಾಯುತ್ತದೆ, ಮುಂದಿನದು ಅದೇ ಜಾಗಕ್ಕೆ ಬರುತ್ತದೆ.

ದಕ್ಷಿಣ ಗೋಳಾರ್ಧದ ಅಳತೆಗಳಲ್ಲಿ ಇದನ್ನು 2001ರಲ್ಲಿ ತೋರಿಸಿದವರು ಲೊರೆಂಜ್ ಮತ್ತು ಹಾರ್ಟ್‌ಮನ್. ಈ ಲೊರೆಂಜ್ ಡೇವಿಡ್, ಮೊದಲು ಹೇಳಿದ ಲೆಕ್ಕದ ಪುಸ್ತಕದ ಎಡ್ವರ್ಡ್ ಅಲ್ಲ. ಪರೀಕ್ಷೆಯಲ್ಲಿ ನಾನೇ ತಪ್ಪು ಬರೆದಿದ್ದೆ.

ಹೆತ್ತೂರು ತೋಟ · ಮಾರ್ಚ್ 11, ಸಂಜೆ 7:00

ಇದು ನಮ್ಮ ಕಡೆ ಕಾಡಾನೆ ದಾರಿಯ ಕತೆ. ಒಂದು ಆನೆ ಬೇಲಿ ಮುರಿದು ನಡೆದಲ್ಲಿ ದಾರಿ. ದಾರಿ ಆದಮೇಲೆ ಬರುವ ಆನೆಗಳೆಲ್ಲ ಅಲ್ಲೇ. ಆನೆ ಬೇರೆ ಬೇರೆ, ದಾರಿ ಒಂದೇ. ನಾವು ಬೇಲಿ ಕಟ್ಟುವುದೂ ಒಂದೇ ಜಾಗದಲ್ಲಿ.

ಗಿರಿಯ ಮಂಜು · ಮಾರ್ಚ್ 11, ರಾತ್ರಿ 9:25

ಸ್ವಲ್ಪ ತಣ್ಣೀರು ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ದಕ್ಷಿಣ ಗೋಳಾರ್ಧದಲ್ಲಿ ಹೆಚ್ಚು ಕಡಿಮೆ ಬರೀ ಸಮುದ್ರ. ಅಲ್ಲಿ ಕತೆ ಇಷ್ಟು ಚೊಕ್ಕ. ಉತ್ತರದಲ್ಲಿ ಹಿಮಾಲಯ, ರಾಕಿ ಪರ್ವತ, ಬಿಸಿ ಸಮುದ್ರದ ಪಕ್ಕ ತಣ್ಣನೆ ಖಂಡ. ಜೆಟ್ ಉಂಗುರವಾಗಿ ಇರುವುದೇ ಇಲ್ಲ. ಕೂರುವ ಕಾಲವನ್ನೆಲ್ಲ ಸುಳಿಗಳ ಲೆಕ್ಕಕ್ಕೇ ಬರೆಯಬೇಡಿ. ಅದರ ಮೇಲಿನ ಸ್ತರಗೋಳ ನಿಧಾನಕ್ಕೆ ಬದಲಾಗುವಂಥದ್ದು, ಅದರ ಕೈವಾಡವೂ ಇದೆ. ಕಂಪ್ಯೂಟರ್ ಮಾದರಿಗಳಲ್ಲಂತೂ ಜೆಟ್ ನಿಜಕ್ಕಿಂತ ಜಾಸ್ತಿ ದಿನ ಒಂದೇ ಕಡೆ ಅಂಟಿಕೊಳ್ಳುವುದು ಹಳೆಯ ತಕರಾರು. ಜೆಟ್ ಜಾಗ ಬಿಟ್ಟುಕೊಡುವ ಕಾಲ ಮಾದರಿಯಲ್ಲಿ ತಪ್ಪಿದರೆ, ಹವಾಮಾನ ಬದಲಾದಾಗ ಜೆಟ್ ಎಷ್ಟು ಸರಿಯುತ್ತದೆ ಎಂಬ ಉತ್ತರವೂ ಅನುಮಾನ.

ಅರೇಬಿಕಾ ಅಕ್ಕ · ಮಾರ್ಚ್ 11, ರಾತ್ರಿ 9:40

ಒಪ್ಪಿದೆ. ತಣ್ಣೀರು ಬೇಕಿತ್ತು.

ಆಲೂರು ರೊಬಸ್ಟಾ · ಮಾರ್ಚ್ 12, ಬೆಳಿಗ್ಗೆ 7:15

ಎಲ್ಲ ಓದಿದೆ. ಯಾರೂ ಎರಡನೇ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ನಾನು ಸುಟ್ಟುಕೊಂಡವನು, ಅದಕ್ಕೇ ಕೇಳುತ್ತಿದ್ದೇನೆ.

ಎರಡು ವರ್ಷದ ಹಿಂದೆ ಫೆಬ್ರವರಿ ಕೊನೆಯಲ್ಲಿ ಒಂದು ಚಾನೆಲ್‌ನವರು "ಜೆಟ್ ಸ್ಟ್ರೀಮ್ ಕೆಳಗಿಳಿದಿದೆ, ಮೂರು ದಿನದಲ್ಲಿ ಗ್ಯಾರಂಟಿ ಮಳೆ" ಅಂದರು. ಬಾಣ ಹಾಕಿದ ನಕ್ಷೆ ಬೇರೆ. ಡೀಸೆಲ್ ಉಳಿಯಲಿ ಅಂತ ಸ್ಪ್ರಿಂಕ್ಲರ್ ಹಾಕಲಿಲ್ಲ. ಮೂರು ದಿನ ಹದಿನೆಂಟು ದಿನವಾಯಿತು. ಮೊಗ್ಗು ಒಣಗಿತು, ಆಮೇಲೆ ಬಂದ ಮಳೆಗೆ ಅರೆಬರೆ ಹೂವು. ಹೂವಾದ ಮೇಲೆ ಬೇಕಾದ ಬ್ಯಾಕಿಂಗ್ ಮಳೆ ಚೆನ್ನಾಗಿ ಬಂತು, ಕಾಯಿ ಕಟ್ಟಲು ಹೂವೇ ಇರಲಿಲ್ಲ.

ನಿವೃತ್ತ ಮೇಷ್ಟ್ರು, ಹಾಸನ · ಮಾರ್ಚ್ 12, ಬೆಳಿಗ್ಗೆ 9:00

ಅಯ್ಯೋ. ಅಂಥ ನಕ್ಷೆ ಹಾಕುವವರಿಗೆ ಒಂದು ವರ್ಷ ರೊಬಸ್ಟಾ ತೋಟ ಕೊಡಬೇಕು.

ನಾವಿರುವುದು 13 ಡಿಗ್ರಿಯಲ್ಲಿ. ಇಲ್ಲಿಯವರೆಗೆ ಹೇಳಿದ್ದರ ಮುಕ್ಕಾಲು ಪಾಲು 30ರಿಂದಾಚೆಯ ಕತೆ. ಚಳಿಗಾಲದಲ್ಲಿ ಪಶ್ಚಿಮದ ಜೆಟ್ ಹಿಮಾಲಯದ ದಕ್ಷಿಣಕ್ಕೆ ಓಡುತ್ತದೆ. ಅದರಲ್ಲಿ ತೇಲಿ ಬರುವ ಸುಳಿಗಳೇ ವೆಸ್ಟರ್ನ್ ಡಿಸ್ಟರ್ಬೆನ್ಸ್. ಪಂಜಾಬಿನ ಗೋಧಿಗೆ ಮಳೆ, ಕಾಶ್ಮೀರಕ್ಕೆ ಹಿಮ ಕೊಡುವುದು ಅವು. ನಮ್ಮ ಹೂ ಮಳೆ ಬೇರೆ. ಮಾರ್ಚ್–ಏಪ್ರಿಲ್ ಬಿಸಿಲಿಗೆ ಒಳನಾಡು ಕಾದು, ಎರಡು ಕಡಲಿನ ತೇವ ಒಳಗೆ ಬಂದು ಸೇರಿ, ಮಧ್ಯಾಹ್ನದ ಮೇಲೆ ಗುಡುಗಿ ಸುರಿಯುವುದು. ಪಶ್ಚಿಮದ ಗಾಳಿಯ ಒಂದು ಆಳದ ತಗ್ಗು, ಅಂದರೆ ದಕ್ಷಿಣಕ್ಕೆ ಬಾಗಿದ ಡೊಂಕು, ಅಪರೂಪಕ್ಕೆ ಇಷ್ಟು ದಕ್ಷಿಣಕ್ಕೆ ಚಾಚಿದರೆ ಮೇಲಿನಿಂದ ಒಂದು ಕೈ ಎತ್ತಿಕೊಡುತ್ತದೆ, ಅಷ್ಟೇ. ಹೂ ಮಳೆ ಇದೆ ಎನ್ನಲೂ ಇಲ್ಲ ಎನ್ನಲೂ ಜೆಟ್ ನಕ್ಷೆಯೊಂದೇ ಸಾಲದು. ಹೆತ್ತೂರಿನವರ ಮೆಸೇಜಿಗೂ ಇದೇ ಉತ್ತರ.

ಅರೇಬಿಕಾ ಅಕ್ಕ · ಮಾರ್ಚ್ 12, ಮಧ್ಯಾಹ್ನ 12:50

ಮಳೆಗಾಲದಲ್ಲಿ ನಂಟು ಇನ್ನೂ ಸ್ವಲ್ಪ ಗಟ್ಟಿ. ಮುಂಗಾರು ಕಾಲೂರುವ ಹೊತ್ತಿಗೆ ಪಶ್ಚಿಮದ ಜೆಟ್ ಟಿಬೆಟ್ಟಿನ ಉತ್ತರಕ್ಕೆ ಸರಿಯುತ್ತದೆ. ನಮ್ಮ ನೆತ್ತಿಯ ಮೇಲೆ ಉಲ್ಟಾ ದಿಕ್ಕಿನದು, ಪೂರ್ವದಿಂದ ಬೀಸುವ ಜೆಟ್ ಬರುತ್ತದೆ. ಆ ಪೂರ್ವದ ಜೆಟ್ಟಿನ ಬಗ್ಗೆ ಪಿ. ಕೋಟೇಶ್ವರಂ 1958ರಲ್ಲಿ ಬರೆದರು. ಜುಲೈ–ಆಗಸ್ಟಿನಲ್ಲಿ ಮಳೆ ಬಿಡುವು ಕೊಡುತ್ತದಲ್ಲ, ಆಗ ಪಶ್ಚಿಮದ ಗಾಳಿಯ ತಗ್ಗುಗಳು ದಕ್ಷಿಣಕ್ಕೆ ನುಗ್ಗಿರುತ್ತವೆ ಎಂದು ಸಿ. ರಾಮಸ್ವಾಮಿ 1962ರಲ್ಲಿ ತೋರಿಸಿದರು. 2010ರ ಬೇಸಿಗೆಯಲ್ಲಿ ರಷ್ಯಾದ ಮೇಲೆ ಜೆಟ್ ಡೊಂಕಾಗಿ ವಾರಗಟ್ಟಲೆ ನಿಂತಿತ್ತು. ಅಲ್ಲಿ ಬಿಸಿಗಾಳಿ, ಅದೇ ಹೊತ್ತಿಗೆ ಪಾಕಿಸ್ತಾನದಲ್ಲಿ ಮಹಾಪ್ರವಾಹ.

ಆಲೂರಿನವರೇ, ಸ್ಪ್ರಿಂಕ್ಲರಿಗೆ ಹವಾಮಾನ ಇಲಾಖೆಯ ಐದು ದಿನದ ಮುನ್ಸೂಚನೆ ನೋಡಿ, ಕೆರೆಯಲ್ಲಿ ನೀರೆಷ್ಟಿದೆ ನೋಡಿ. ಜೆಟ್ ನಕ್ಷೆ ರಾತ್ರಿ ಊಟ ಆದಮೇಲೆ ಸಂತೋಷಕ್ಕೆ ನೋಡಿ. ನಾನೂ ಹಾಗೇ ಮಾಡುವುದು.

ಹೆತ್ತೂರು ತೋಟ · ಮಾರ್ಚ್ 16, ರಾತ್ರಿ 8:30

ಎಲ್ಲರಿಗೂ ಥ್ಯಾಂಕ್ಸ್. ನಾನು ಶುಕ್ರವಾರ ಸ್ಪ್ರಿಂಕ್ಲರ್ ಶುರು ಮಾಡಿದೆ. ನಿನ್ನೆ ಸಂಜೆ ಮಳೆಯೂ ಬಂತು, 72 ಸೆಂಟ್ಸ್, ಅಂದರೆ ಮುಕ್ಕಾಲು ಇಂಚಿಗೆ ಹತ್ತಿರ. ನಗಬೇಡಿ.

ಮಗಳು ಬಿಡಲಿಲ್ಲ. 1950ರ ದಶಕದಲ್ಲಿ ಷಿಕಾಗೋದಲ್ಲಿ ಡೇವ್ ಫುಲ್ಟ್ಜ್ ಎಂಬವರು ಪಾತ್ರೆ ತಿರುಗಿಸಿ ಜೆಟ್ ಮಾಡಿ ತೋರಿಸಿದ್ದರು ಅಂತ ಎಲ್ಲೋ ಓದಿ, ಮನೆಯಲ್ಲೇ ಮಾಡಿದಳು. ಅಂಗಡಿ ಶೋಕೇಸಿನಲ್ಲಿ ಗೊಂಬೆ ತಿರುಗಿಸುವ ಮೋಟಾರ್ ಸ್ಟ್ಯಾಂಡು, ಅದರ ಮೇಲೆ ಅಗಲದ ಸ್ಟೀಲ್ ಪರಾತ, ನಡುವೆ ಐಸ್ ತುಂಬಿದ ಲೋಟ, ಸುತ್ತ ಉಗುರುಬೆಚ್ಚಗಿನ ನೀರು. ಮೊದಲ ದಿನ ಕೈಯಲ್ಲಿ ತಿರುಗಿಸಿದಳು, ಇಂಕು ಸುಮ್ನೆ ಕದಡಿತು. ನನ್ನ ಬಿಳಿ ಪಂಚೆ ಈಗ ನೀಲಿ. ಎರಡನೇ ದಿನ ಮೋಟಾರು ಹಾಕಿ, ಹತ್ತು ನಿಮಿಷ ಮುಟ್ಟದೆ ಬಿಟ್ಟು, ಲೋಟದ ಪಕ್ಕ ನೀಲಿ, ಅಂಚಿನಲ್ಲಿ ಕೆಂಪು ಇಂಕು ಬಿಟ್ಟಳು. ನಿಧಾನ ತಿರುಗಿದಾಗ ಲೋಟದ ಸುತ್ತ ಒಂದು ಉಂಗುರ, ಅಷ್ಟೇ. ವೇಗ ಏರಿಸಿದ ಮೇಲೆ ಉಂಗುರ ಡೊಂಕಾಯಿತು. ಐದು ಹೊಟ್ಟೆ ಎಣಿಸಿದೆವು. ಒಂದು ಕಿತ್ತುಕೊಂಡು ಬೇರೆ ಸುಳಿಯಾಗಿ ಅಂಚಿಗೆ ಹೋಯಿತು.

ಯಗಚಿ ದಡ · ಮಾರ್ಚ್ 16, ರಾತ್ರಿ 8:44

ವಿಡಿಯೋ ಹಾಕಿ ಅಣ್ಣ!

ಅರೇಬಿಕಾ ಅಕ್ಕ · ಮಾರ್ಚ್ 16, ರಾತ್ರಿ 8:51

ಪುಟ್ಟಿಗೆ ಶಭಾಷ್ ಹೇಳಿ. ಒಂದು ಕೇಳಿ ನೋಡಿ: ಹೊಟ್ಟೆಗಳು ನೆಟ್ಟಗಿದ್ದವಾ, ವಾಲಿದ್ದವಾ?

ಹೆತ್ತೂರು ತೋಟ · ಮಾರ್ಚ್ 16, ರಾತ್ರಿ 9:15

ಕೇಳಿದೆ. "ವಾಲಿದ್ದವು, ಆದರೆ ಯಾವ ಕಡೆ ಅಂತ ಬರೆದುಕೊಳ್ಳುವಷ್ಟರಲ್ಲಿ ಐಸ್ ಕರಗಿತು" ಅಂದಳು. ಫ್ರಿಜ್ಜಿನಲ್ಲಿ ಮತ್ತೆ ಎರಡು ಟ್ರೇ ನೀರು ಇಟ್ಟಿದ್ದಾಳೆ. ಪಂಚೆ ನಾನು ಬೇರೆ ಉಟ್ಟಿದ್ದೇನೆ.